ಕನ್ನಡದ ಸಿಸ್ಟರ್ ಬಂದಳೆಂದರೆ

ಮಗಳ ಕೈ ಮುರಿಯದೇ ಹೋಗಿದ್ದರೆ ನಾನು ಆ ಆಸ್ಪತ್ರೆಯ ಮೆಟ್ಟಿಲು ಮತ್ತೆ ಹತ್ತುತ್ತಿರಲಿಲ್ಲ. ಶಾಲೆಯಲ್ಲಿ ಖೋ-ಖೋ ಆಡುವಾಗ ಬಿದ್ದಳೆಂದು ಫೋನು ಬಂತು. ಹೋಗಿ ಅವಳನ್ನು ಕರೆದುಕೊಂಡು ಆಟೋ ಹತ್ತಿದೆ. ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಹತ್ತಿರದ ಆಸ್ಪತ್ರೆಗೆ ನಡಿ ಎಂದದ್ದಷ್ಟೇ, ಆಟೋದವನು ಪುಣೆಯ ಬಿಬವೇವಾಡಿಯ ಆ ಗೇಟಿನ ಮುಂದೆಯೇ ತಂದು ನಿಲ್ಲಿಸಿದ. ಕೈ ಊದಿಕೊಂಡು ತುಟಿ ಕಚ್ಚಿ ಕೂತ ಹುಡುಗಿಯನ್ನು ಪಕ್ಕದಲ್ಲಿಟ್ಟುಕೊಂಡು ಹಳೆಯ ಮುನಿಸು ತೋರಿಸಲು ಆಗುತ್ತದೆಯೇ? ಇಳಿದೆ.

ಪ್ಲಾಸ್ಟರ್ ಹಾಕಿಸಿ, ಎಕ್ಸ್‌ರೇ ಕೈಗೆ ಬರಲೆಂದು ಕಾಯುತ್ತ ಕೆಳಗಿನ ಹಾಲಿನಲ್ಲಿ ಕುಳಿತೆವು. ಕುರ್ಚಿಗಳು ಬದಲಾಗಿವೆ, ಗೋಡೆಗೆ ಹೊಸ ಬಣ್ಣ ಬಂದಿದೆ, ಟೀವಿ ದೊಡ್ಡದಾಗಿದೆ. ವಾಸನೆ ಮಾತ್ರ ಅದೇ. ಫಿನಾಯಿಲ್ ಮತ್ತು ಒದ್ದೆ ಛತ್ರಿಗಳ ವಾಸನೆ ಎಲ್ಲ ಆಸ್ಪತ್ರೆಯಲ್ಲೂ ಇರುತ್ತದೆ. ಅದರ ಜೊತೆಗೆ ಇನ್ನೊಂದಿತ್ತು: ಸಿಮೆಂಟು ಮೆತ್ತಿದ ಬಟ್ಟೆ ಮೈಮೇಲೆಯೇ ನೆನೆದು ಮೈಮೇಲೆಯೇ ಒಣಗಿದರೆ ಬರುವ ವಾಸನೆ. ತಿರುಗಿ ನೋಡದೆಯೇ ನನಗೆ ಗೊತ್ತಾಯಿತು, ಹಿಂದಿನ ಸಾಲಿನಲ್ಲಿ ನಮ್ಮ ಕಡೆಯ ಮಂದಿ ಕೂತಿದ್ದಾರೆ.

ಅಷ್ಟರಲ್ಲಿ ಮೇಲಿನ ಐಸಿಯುನಿಂದ ಒಬ್ಬ ಎಳೆಯ ನರ್ಸ್ ಮೆಟ್ಟಿಲಿಳಿದು ಬಂದು ಇಡೀ ಹಾಲಿಗೆ ಕೇಳುವಂತೆ ಮರಾಠಿಯಲ್ಲಿ ಕೂಗಿದಳು, "ಇಥಂ ಕೋಣಾಲಾ ಕನ್ನಡ ಯೇತಂ ಕಾ?"

ಇಲ್ಲಿ ಯಾರಿಗಾದರೂ ಕನ್ನಡ ಬರುತ್ತದೆಯೇ ಎಂದು ಕೇಳುತ್ತಿದ್ದಾಳೆ. ಮಗಳು ಗೌರಿ ನನ್ನ ಮುಖ ನೋಡಿದಳು. ನಾನು ಛತ್ರಿಯ ಹಿಡಿಕೆ ನೋಡುತ್ತ ಕೂತೆ.

ಹತ್ತು ವರ್ಷದ ಹಿಂದೆ ಇದೇ ಐಸಿಯುನಲ್ಲಿ ನಾನು ಸ್ಟಾಫ್ ನರ್ಸ್ ಆಗಿದ್ದೆ. ಊರು ಬೈಲಹೊಂಗಲ, ನರ್ಸಿಂಗ್ ಓದಿದ್ದು ಬೆಳಗಾವಿಯಲ್ಲಿ. ಮದುವೆಯಾಗಿ ಪುಣೆಗೆ ಬಂದೆ. ಗಂಡನಿಗೆ ಚಿಂಚವಾಡದ ಕಾರ್ಖಾನೆಯಲ್ಲಿ ಕೆಲಸ. ಊರಿನ ಆ ತುದಿಯಿಂದ ಈ ತುದಿಗೆ ಬಂದು ಹೋಗುವುದರಲ್ಲೇ ಅವರ ಅರ್ಧ ಆಯುಷ್ಯ ಕಳೆಯುತ್ತಿದೆ. ಬೆಳಗಾವಿಯ ನೀರು ಕುಡಿದವಳಿಗೆ ಮರಾಠಿ ಹೊಸದೇನಲ್ಲ. ಹೊರಗೆ ಮರಾಠಿ, ಒಳಗೆ ಕನ್ನಡ, ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ ಮಾತು ಬದಲಾಗುತ್ತಿತ್ತು. ಗೌರಿಗೆ ಆಗ ಮೂರು ವರ್ಷ. "ಅವ್ವಾ, ಮಳಿ ಬಂತು. ಅವ್ವಾ, ಅಂಗಿ ತೊಯ್ತು" ಎಂದು ಮುದ್ದಾಗಿ ಹೇಳುತ್ತಿದ್ದಳು. ಬೆಳಗಾವಿಯಲ್ಲಿ ಅಣ್ಣನ ಮನೆಯಲ್ಲಿರುವ ನನ್ನ ಅವ್ವ ಸಂಜೆ ಸಂಜೆಗೆ ಫೋನು ಮಾಡಿ, ಮೊಮ್ಮಗಳ ಕೂಡ ನನಗಿಂತ ಹೆಚ್ಚು ಹೊತ್ತು ಮಾತಾಡುತ್ತಿದ್ದಳು.

ಆ ವರ್ಷ ಮಳೆ ಬೇಗ ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಕಾತ್ರಜ, ಕೊಂಢವಾ ಕಡೆ ಎಲ್ಲಿ ನೋಡಿದರೂ ಹೊಸ ಕಟ್ಟಡಗಳು ಏಳುತ್ತಿದ್ದವು. ಅಗೆದ ಪಾಯದಲ್ಲಿ ಮಂಡಿಯುದ್ದ ನೀರು, ಆ ನೀರಿನಲ್ಲಿ ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಕೂಲಿಯವರು. ಮೊದಲು ಡೆಂಗಿ ಬಂತು. ಅದರ ಹಿಂದೆಯೇ ಇಲಿ ಜ್ವರ. ಮಧ್ಯೆ ಮಧ್ಯೆ ಪಾಚಿಗಟ್ಟಿದ ಹಲಗೆಯಿಂದ ಜಾರಿ ಬಿದ್ದವರು. ನಮ್ಮ ಐಸಿಯುನಲ್ಲಿ ಒಂದು ಹಾಸಿಗೆಯ ಚಾದರ ಬದಲಿಸುವಷ್ಟರಲ್ಲಿ ಮುಂದಿನವರು ಬಾಗಿಲಲ್ಲಿರುತ್ತಿದ್ದರು.

ಮೊದಲ ಸಲ ಡಾಕ್ಟರು ನನ್ನನ್ನು ಕರೆದಾಗ ಹೆಮ್ಮೆಯೇ ಆಗಿತ್ತು ಎಂದು ಹೇಳಬೇಕು. ಕೆಳಗೆ ಒಂದು ಕುಟುಂಬ ಕೂತಿದೆ, ಅವರಿಗೆ ಹಿಂದಿಯೂ ನೆಟ್ಟಗೆ ಬರುವುದಿಲ್ಲ, ನೀನು ಬಂದು ಹೇಳು ಎಂದರು. ಹೋದೆ. ಡಾಕ್ಟರು ನಿಂತುಕೊಂಡೇ ಎರಡು ವಾಕ್ಯ ಹೇಳಿದರು. ನಮ್ಮಿಂದ ಆದದ್ದೆಲ್ಲ ಮಾಡಿದೆವು, ಹೃದಯ ನಿಂತಿತು. ನಾನು ಅದನ್ನು ಕನ್ನಡದಲ್ಲಿ ಹೇಳಲು ಬಾಯಿ ತೆರೆಯುವ ಹೊತ್ತಿಗೆ ಅವರು ಗಡಿಯಾರ ನೋಡಿ ಲಿಫ್ಟಿನ ಕಡೆ ಹೊರಟಿದ್ದರು. ಅವರನ್ನು ಬೈಯುವುದಕ್ಕಲ್ಲ ಈ ಮಾತು, ಮೇಲೆ ಇನ್ನೊಬ್ಬನ ಹೃದಯ ನಿಲ್ಲುವುದರಲ್ಲಿತ್ತು. ಆದರೆ ಆ ಹಾಲಿನಲ್ಲಿ ಸುದ್ದಿಯ ಜೊತೆ ಉಳಿದವಳು ನಾನೊಬ್ಬಳೇ.

ಹಾಗೆ ಶುರುವಾದದ್ದು ದಿನದಿನಕ್ಕೂ ರೂಢಿಯಾಯಿತು. ನನ್ನ ವಾರ್ಡಲ್ಲದೆ ಕ್ಯಾಜುವಾಲ್ಟಿಯಿಂದ, ಮೇಲಿನ ಮಹಡಿಯಿಂದ ಫೋನು ಬರತೊಡಗಿತು: "ಕನ್ನಡದ ಸಿಸ್ಟರನ್ನು ಕಳಿಸಿ." ಅದು ಯಾರ ಡ್ಯೂಟಿ ಚಾರ್ಟಿನಲ್ಲೂ ಇಲ್ಲದ ಕೆಲಸ. ನಾನು ಕೆಳಗೆ ಹೋಗಿ ಬರುವಷ್ಟರಲ್ಲಿ ನನ್ನ ಹಾಸಿಗೆಗಳ ಸಲೈನು ಮುಗಿದು ಮಶೀನು ಕೂಗುತ್ತಿರುತ್ತಿತ್ತು, ಅದಕ್ಕೂ ಬೈಗುಳ ತಿನ್ನುತ್ತಿದ್ದವಳು ನಾನೇ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನ್ನ ಅನುಭವದಲ್ಲಿ, ಎರಡು ಮಾತು ಬಲ್ಲವಳಿಗೆ ಬಿಡುವಿಲ್ಲ.

ಬರೀ ಕೆಲಸವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ನರ್ಸಾಗಿ ಸಾವು ನೋಡದವಳೇನಲ್ಲ. ಆದರೆ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ನಮಗೆ ಒಂದು ಆಸ್ಪತ್ರೆಯ ಭಾಷೆ ಇತ್ತು. ಪೇಶಂಟ್ ಗೇಲಾ, ರೋಗಿ ಹೋದ, ಎಂದರೆ ಮುಗಿಯಿತು. ಕೈಗವಸು ಹಾಕಿಕೊಂಡು ಮುಟ್ಟಿದ ಹಾಗೆ. ಕನ್ನಡದಲ್ಲಿ ನನಗೆ ಅಂಥದ್ದು ಇರಲಿಲ್ಲ. ಅಲ್ಲಿ ಇದ್ದದ್ದೆಲ್ಲ ಮನೆಯ ಮಾತು. ಅಪ್ಪ ಹೋದ ದಿನ ಅವ್ವ ನನಗೆ ಯಾವ ಮಾತಿನಲ್ಲಿ ಹೇಳಿದ್ದಳೋ ಅದೇ ಮಾತನ್ನು ತೆಗೆದು ಗುರುತಿಲ್ಲದವರಿಗೆ ಹೇಳಬೇಕಾಗುತ್ತಿತ್ತು. ಬರಿಗೈಯಲ್ಲಿ ಮುಟ್ಟಬೇಕಾಗುತ್ತಿತ್ತು.

ಅವರೂ ನನ್ನನ್ನು ಆಸ್ಪತ್ರೆಯವಳೆಂದು ತಿಳಿಯುತ್ತಿರಲಿಲ್ಲ. ಮಗನನ್ನು ಕಳೆದುಕೊಂಡ ಒಬ್ಬ ಮುದುಕ, ಬಿಳಿ ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡವನು, ನಾನು ಹೇಳಿದ್ದನ್ನೆಲ್ಲ ಕೇಳಿ ನನ್ನ ಎರಡೂ ಕೈ ಹಿಡಿದುಕೊಂಡ.

"ಯವ್ವಾ, ನೀ ನಮ್ಮಾಕಿ ಅದಿ. ಅವರಿಗಿ ಇನ್ನೊಮ್ಮಿ ನೋಡ್ರಿ ಅಂತ ಹೇಳು. ನಾ ಹೇಳಿದ್ರ ಅವರಿಗಿ ತಿಳಿಯಂಗಿಲ್ಲ. ನಿಂದು ಕೇಳ್ತಾರ."

"ಯಜ್ಜಾ, ನೋಡ್ಯಾರ. ಭಾಳ ಸಲ ನೋಡ್ಯಾರ" ಎಂದೆ.

"ನೀ ಹೇಳಿ ನೋಡು, ಯವ್ವಾ."

ಕನ್ನಡ ಬಲ್ಲವಳು ಒಂದು ಮಾತು ಹೇಳಿದರೆ ಮಗ ಎದ್ದು ಬರುತ್ತಾನೆ ಎಂದು ಅವನು ನಂಬಿದ್ದ. ಆ ದಿನ ನಾನು ಮೇಲೆ ಹೋಗಿ, ಸುಮ್ಮನೆ ಆ ಹಾಸಿಗೆಯ ಹತ್ತಿರ ನಿಂತು, ಕೆಳಗೆ ಬಂದು, "ನೋಡಿದ್ರು ಯಜ್ಜಾ" ಎಂದೆ. ಬೇರೆ ಏನು ಮಾಡಬಹುದಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಆಷಾಢ ಮುಗಿಯುವ ಹೊತ್ತಿಗೆ ಆ ಮಂದಿಗೆ ನನ್ನ ಮುಖ ಗುರುತಾಗಿತ್ತು. ಒಂದೇ ಕಟ್ಟಡದ ತಗಡಿನ ಶೆಡ್ಡುಗಳಲ್ಲಿ ಇರುವವರು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೋಗಿರುತ್ತದೆ. ಔಷಧಿ ತರಿಸಲು, ರಕ್ತ ಕೊಡಿಸಲು, ಗಂಜಿ ಕುಡಿದ ಎಂದು ಹೇಳಲು ಆಸ್ಪತ್ರೆಯವರು ಕೈಸನ್ನೆ ಮಾಡಿ, ಅರೆಬರೆ ಹಿಂದಿಯಲ್ಲಿ ಹೇಗೋ ನಿಭಾಯಿಸುತ್ತಿದ್ದರು. ಸಾವು ಮಾತ್ರ ಕೈಸನ್ನೆಯಲ್ಲಿ ಹೇಳಲಾಗದು, ಆಗ ನನ್ನನ್ನು ಕರೆಯುತ್ತಿದ್ದರು. ಹಾಗಾಗಿ ಅವರ ಲೆಕ್ಕದಲ್ಲಿ ಕನ್ನಡದ ಸಿಸ್ಟರ್ ಮೆಟ್ಟಿಲಿಳಿದು ಬಂದಳೆಂದರೆ ಒಂದೇ ಅರ್ಥ. ನಾನು ಹಾಲಿನ ಬಾಗಿಲಿಗೆ ಬಂದರೆ ಮಾತು ನಿಂತುಹೋಗುತ್ತಿತ್ತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು, ನಾನು ಯಾರ ಕಡೆ ನಡೆಯುತ್ತೇನೆ ಎಂದು ನೋಡುತ್ತಿದ್ದರು. ನಾನು ದಾಟಿ ಹೋದವರು ಉಸಿರು ಬಿಡುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ಒಂದು ರವಿವಾರ ಬಿಬವೇವಾಡಿಯ ಸಂತೆಯಲ್ಲಿ ಮೆಂತೆ ಆರಿಸುತ್ತಿದ್ದೆ. ಎದುರಿಗೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಒಬ್ಬಳು ನನ್ನನ್ನು ನೋಡಿದವಳೇ ಕೈಯಲ್ಲಿದ್ದ ಸೊಪ್ಪಿನ ಸೂಡು ಕೆಳಗಿಟ್ಟು, ಮಗುವಿನ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡು ಹೊರಟುಹೋದಳು. ನನಗೆ ಅವಳ ಗುರುತಿರಲಿಲ್ಲ. ಊರಲ್ಲಿ ಮನೆಯ ಮಾಳಿಗೆಯ ಮೇಲೆ ಗೂಬೆ ಕೂತರೆ, ಅಪಶಕುನದ ಗೂಗಿ ಎಂದು ಅವ್ವ ಕಲ್ಲು ಹೊಡೆದು ಓಡಿಸುತ್ತಿದ್ದಳು. ಆ ಗೂಗಿಗೆ ಏನನ್ನಿಸುತ್ತಿತ್ತೋ ಎಂದು ಮೊದಲ ಸಲ ಯೋಚಿಸಿದೆ. ಮೆಂತೆ ತಗೊಳ್ಳದೆ ಮನೆಗೆ ಬಂದೆ.

ಮನೆಯಲ್ಲಿ ನನ್ನ ಕನ್ನಡ ಯಾವಾಗ ನಿಂತಿತು ಎಂದು ಕೇಳಿದರೆ ಹೇಳಲಾರೆ. ನಲ್ಲಿಯ ನೀರು ಸಣ್ಣಗಾಗಿ ನಿಂತ ಹಾಗೆ ನಿಂತಿತು. ಗೌರಿಯನ್ನು ಮಲಗಿಸಲು, "ಬಾ ಕೂಸ, ಇಲ್ಲಿ ಬಾ" ಎಂದು ಬಾಯಿ ತೆರೆದರೆ ಕೆಳಗಿನ ಹಾಲಿನ ದನಿಯೇ ಬರುತ್ತಿತ್ತು. ಅದೇ ಮೆಲುದನಿ, ಅದೇ ಎಚ್ಚರ. ಕೂಸಿಗೆ ಆ ದನಿಯಲ್ಲಿ ಏನು ಹೇಳಿದರೂ ಕೆಟ್ಟದ್ದೇನೋ ಆಗಿಬಿಡುತ್ತದೆ ಎಂದು ಭಯವಾಗುತ್ತಿತ್ತು. ಮರಾಠಿಯಲ್ಲಿ ಹೇಳಿದರೆ ಆ ಭಯವಿರಲಿಲ್ಲ. "ಇಕಡೇ ಯೇ ಬಾಳಾ" ಎನ್ನುವುದು ಸುಲಭವಾಗಿತ್ತು. ಮೂರು ವರ್ಷದ ಕೂಸು; ಹೇಗೆ ಕರೆದರೆ ಹಾಗೆ ಬರುತ್ತದೆ.

ಗಂಡ ಒಂದು ದಿನ ಊಟಕ್ಕೆ ಕೂತಾಗ ಕೇಳಿದರು, "ಸುಜಾತಾ, ಯಾಕ ಕೂಸಿನ ಕೂಡ ಬರೇ ಮರಾಠಿ ಹಚ್ಚೀದಿ?"

"ಸಾಲಿಗೆ ಹಾಕಬೇಕಲ್ಲ. ಅನುಕೂಲ ಆಗ್ತದ."

ಅವರು ಒಪ್ಪಿಕೊಂಡರು. ಅವ್ವ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಒಂದು ಸಂಜೆ ಎಂದಿನಂತೆ ಫೋನಿನಲ್ಲಿ "ಉಂಡೀ ಏನವಾ?" ಎಂದು ಕೇಳಿದವಳಿಗೆ ನಾನು ಗೊತ್ತಿಲ್ಲದೆಯೇ "ಹೋ, ಝಾಲಂ", ಹೂಂ ಆಯಿತು, ಎಂದುಬಿಟ್ಟೆ.

"ಏನಾತು ನಿನಗ? ಅವ್ವನ ಕೂಡ ಯಾರರೆ ಮರಾಠಿ ಮಾತಾಡ್ತಾರೇನು?"

"ಕೆಲಸದಾಗ ಇದ್ದೆ, ಬಾಯಿಗೆ ಬಂತು."

"ಕೆಲಸ ಹೆಂಗ ನಡದದ?"

ಅವ್ವನಿಗೆ ಹೇಳಬೇಕೆಂದರೆ ಆ ಸಾವುಗಳನ್ನೆಲ್ಲ ಮತ್ತೆ ಕನ್ನಡದಲ್ಲೇ ಹೇಳಬೇಕಿತ್ತು. "ಛಲೋ ನಡದದ" ಎಂದು ಫೋನು ಇಟ್ಟೆ. ಆಮೇಲೆ ಅವಳ ಫೋನು ಬಂದರೆ ಗೌರಿಯ ಕೈಗೆ ಕೊಟ್ಟು ನಾನು ಪಾತ್ರೆ ತೊಳೆಯಲು ಹೋಗುತ್ತಿದ್ದೆ.

ಆಸ್ಪತ್ರೆಯವರಿಗೆ ನಮ್ಮ ಕಾಳಜಿ ಇರಲಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಸಿಬ್ಬಂದಿ ದಣಿದಿದ್ದಾರೆ ಎಂದು ಯಾರಿಗೋ ಅನ್ನಿಸಿ, ಮನಸ್ಸಿನ ಆರೋಗ್ಯದ ಕಾರ್ಯಕ್ರಮ ಎಂದು ಇಟ್ಟರು. ಡ್ಯೂಟಿ ಮುಗಿದ ಮೇಲೆ, ಕಡ್ಡಾಯವಾಗಿ. ಹೊರಗಿನಿಂದ ಬಂದ ಒಬ್ಬ ಮೇಡಂ ಎಲ್ಲರಿಗೂ ಒಂದೊಂದು ಬಲೂನು ಕೊಟ್ಟು, ನಿಮ್ಮ ಚಿಂತೆಯನ್ನು ಈ ಪುಗ್ಗೆಯ ಮೇಲೆ ಬರೆದು ಒಡೆಯಿರಿ ಎಂದರು. ಅರ್ಧ ಜನ ಕೂತಲ್ಲೇ ನಿದ್ದೆ ಹೋಗಿದ್ದರು. ಪುಗ್ಗೆ ಒಡೆದ ಸದ್ದಿಗೆ ನನ್ನ ಪಕ್ಕದ ಹುಡುಗಿ ಬೆಚ್ಚಿ ಎದ್ದು "ಯಾವ ಬೆಡ್?" ಎಂದಳು. ಎಲ್ಲರೂ ನಕ್ಕೆವು. ಆ ಮಳೆಗಾಲದಲ್ಲಿ ನಾನು ನಕ್ಕ ನೆನಪು ಅದೊಂದೇ. ನಮ್ಮ ಇನ್‌ಚಾರ್ಜ್ ಶಿಂದೆ ಸಿಸ್ಟರ್ ಮಾತ್ರ ನಗಲಿಲ್ಲ. ಕಪ್ಪಗೆ, ಗಟ್ಟಿಯಾಗಿದ್ದ ಹೆಂಗಸು, ಭೋರ್ ಕಡೆಯವರು. ಮಾತು ಕಡಿಮೆ, ಕಣ್ಣು ಚುರುಕು. ಏನೂ ಬರೆಯದ ನನ್ನ ಪುಗ್ಗೆಯನ್ನೇ ಅವರು ನೋಡುತ್ತಿದ್ದರು.

ಶ್ರಾವಣದಲ್ಲಿ ಭೀಮರಾಯ ಬಂದ. ಯಾದಗಿರಿ ಕಡೆಯವನು, ಪಾಯದ ನೀರಿನಲ್ಲಿ ನಿಂತು ಕೆಲಸ ಮಾಡಿ ಇಲಿ ಜ್ವರ ತಂದುಕೊಂಡಿದ್ದ. ಕಣ್ಣು ಅರಿಷಿಣದ ಹಾಗಾಗಿತ್ತು, ಮೂತ್ರ ಕಟ್ಟಿತ್ತು, ಗಂಟಲಿಗೆ ಕೊಳವೆ ಹಾಕಿ ಮಶೀನಿನ ಉಸಿರು ಕೊಟ್ಟಿದ್ದರು. ಅವನ ಹೆಂಡತಿ ಮಲ್ಲಮ್ಮ, ಇನ್ನೂ ಹುಡುಗಿಯೇ, ಕೆಳಗಿನ ಹಾಲಿನ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಕೈ ತುಂಬ ಹಸಿರು ಗಾಜಿನ ಬಳೆ. ನಾನು ಇಳಿದು ಬಂದಾಗಲೆಲ್ಲ ಅವಳು ಆ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು. ನಾನು ಪ್ರತಿ ಸಲ ಬೇರೆಯವರ ಕಡೆ ಹೋಗುತ್ತಿದ್ದೆ.

ಭೀಮರಾಯ ಸಾಯಲಿಲ್ಲ. ಮೂತ್ರ ಇಳಿಯಿತು, ಜ್ವರ ಇಳಿಯಿತು, ಒಂದು ಮಧ್ಯಾಹ್ನ ಗಂಟಲಿನ ಕೊಳವೆ ತೆಗೆದರು. ಅವನು ಏನೋ ಗೊಗ್ಗರು ದನಿಯಲ್ಲಿ ಹೇಳುತ್ತಿದ್ದ, ಯಾರಿಗೂ ತಿಳಿಯಲಿಲ್ಲ. ಡಾಕ್ಟರು ನನ್ನನ್ನು ಕರೆದರು. ಬಗ್ಗಿ ಅವನ ಬಾಯಿಗೆ ಕಿವಿ ಹಚ್ಚಿದೆ.

"ಮಲ್ಲಿ ಉಂಡಾಳೇನು?"

ಅಷ್ಟೇ ಕೇಳುತ್ತಿದ್ದ. ಅಷ್ಟು ದಿನ ಸಾವಿನ ಕೂಡ ಮಲಗಿ ಎದ್ದವನು ಮೊದಲು ಕೇಳಿದ್ದು ಹೆಂಡತಿ ಉಂಡಳೋ ಇಲ್ಲವೋ ಎಂದು. "ಕೇಳಿ ಬರ್ತೀನಿ ತಡೀಪಾ" ಎಂದು ಅವನ ಹಣೆ ಒರೆಸಿದೆ. ತಿಂಗಳುಗಳ ಮೇಲೆ ನನ್ನ ಬಾಯಲ್ಲಿ ಮನೆಯ ಕನ್ನಡ ಬಂದಿತ್ತು. ಲಿಫ್ಟಿಗೂ ಕಾಯಲಿಲ್ಲ, ಮೆಟ್ಟಿಲು ಓಡಿಕೊಂಡೇ ಇಳಿದೆ. ಈ ಸಲ ಹೇಳಲು ನನ್ನ ಹತ್ತಿರ ಒಂದು ಒಳ್ಳೆಯ ಮಾತಿತ್ತು. ಮಲ್ಲೀ, ಉಂಡಿಯೇನು? ನಿನ್ನ ಗಂಡ ಕೇಳಾಕತ್ತಾನ. ಓಡುತ್ತ ಓಡುತ್ತಲೇ ಆ ಮಾತನ್ನು ಬಾಯಲ್ಲಿ ಜೋಡಿಸಿಕೊಂಡಿದ್ದೆ.

ಅವಳು ಕಂಡದ್ದು ಕನ್ನಡದ ಸಿಸ್ಟರ್ ತನ್ನ ಕಡೆಗೇ ಓಡಿ ಬರುವುದನ್ನು. ಎದ್ದು ನಿಂತಳು. ಅಳಲಿಲ್ಲ, ಕೂಗಲಿಲ್ಲ. ಸೆರಗಿನಿಂದ ಕೈ ಹೊರಗೆ ತೆಗೆದು ಎರಡೂ ಮುಂಗೈಗಳನ್ನು ಗೋಡೆಯ ಪಕ್ಕದ ಕಲ್ಲಿನ ಕಟ್ಟೆಗೆ ಬಡಿದಳು. ಬಳೆ ಒಡೆದು ಸಿಡಿದು ನನ್ನ ಬಿಳಿ ಬೂಟಿನ ಹತ್ತಿರ ಬಂದು ಬಿದ್ದವು. ಇನ್ನೊಮ್ಮೆ ಬಡಿದಳು. ಜೊತೆಗಿದ್ದ ಹೆಂಗಸರು ಹಾಡಿಕೊಂಡು ಅಳಲು ಶುರು ಮಾಡಿಬಿಟ್ಟರು.

ಗಂಡ ಬದುಕಿರುವಾಗ ಹೆಂಗಸು ಬಳೆ ಒಡೆದುಕೊಳ್ಳುವುದೆಂದರೆ ನಮ್ಮ ಕಡೆ ಏನು ಎಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ನಾನು ಬಲ್ಲೆ. ಅದಕ್ಕೇ ಇರಬೇಕು, ನನ್ನ ಬಾಯಿ ಬಿಗಿದುಹೋಯಿತು. ಇಲ್ಲ ಎನ್ನಬೇಕು, ಬದುಕ್ಯಾನ ಎನ್ನಬೇಕು, ನಾಲಿಗೆ ಏಳಲಿಲ್ಲ. ಕನ್ನಡ ಬರಲಿಲ್ಲ, ಮರಾಠಿಯೂ ಬರಲಿಲ್ಲ. ನಾನು ಸುಮ್ಮನೆ ನಿಂತದ್ದನ್ನು ನೋಡಿ ಅವಳಿಗೆ ಇನ್ನಷ್ಟು ಖಾತ್ರಿಯಾಯಿತು. ಅವಳು ಕುತ್ತಿಗೆಯ ತಾಳಿಗೆ ಕೈ ಹಾಕಿದಳು.

ಆಗ ಹಿಂದಿನಿಂದ ಶಿಂದೆ ಸಿಸ್ಟರ್ ಬಂದು ಅವಳ ಕೈ ಹಿಡಿದರು. ನಾನು ಓಡಿದ್ದನ್ನು ನೋಡಿ ಅವರೂ ಇಳಿದು ಬಂದಿದ್ದರು. "ಜಿವಂತ ಆಹೆ ಗಂ. ತೋ ಬರಾ ಆಹೆ" ಎಂದರು. ಬದುಕಿದ್ದಾನೆ, ಆರಾಮಾಗಿದ್ದಾನೆ. ವಾಚ್‌ಮನ್ ಅದನ್ನೇ ಹಿಂದಿಯಲ್ಲಿ ಹೇಳಿದ. ಆ ಹೆಂಗಸರಲ್ಲಿ ಒಬ್ಬಳಿಗೆ ತಿಳಿದು, "ಜೀವಂತ ಅದಾನಂತ, ಮಲ್ಲೀ" ಎಂದಳು. ಅಳು ನಿಂತಿತು. ಮಲ್ಲಮ್ಮ ತನ್ನ ಕೈ ನೋಡಿಕೊಂಡಳು. ಎರಡು ಕೈಯಿಂದಲೂ ರಕ್ತ ಸೋರುತ್ತಿತ್ತು. ಆಮೇಲೆ ನನ್ನನ್ನು ನೋಡಿದಳು.

"ಬದುಕ್ಯಾನಂದ್ರ ಮತ್ತ ನೀ ಯಾಕ ಬಂದಿ?"

ಸಿಟ್ಟಿನಿಂದಲೂ ಕೇಳಲಿಲ್ಲ ಅವಳು. ನಿಜವಾಗಿ ತಿಳಿಯದೆ ಕೇಳಿದಳು.

ಶಿಂದೆ ಸಿಸ್ಟರೇ ಅವಳನ್ನು ಕೂರಿಸಿ ಗಾಜಿನ ಚೂರು ತೆಗೆದು ಪಟ್ಟಿ ಕಟ್ಟಿದರು. ನಾನು ಟ್ರೇ ಹಿಡಿದುಕೊಂಡು ನಿಂತಿದ್ದೆ. ಭೀಮರಾಯ ಕೇಳಿದ್ದನ್ನು ನಾನು ಅವಳಿಗೆ ಹೇಳಲೇ ಇಲ್ಲ. ಅವರು ಮನೆಗೆ ಹೋಗುವ ಹೊತ್ತಿಗೆ ನಾನು ರಜೆಯ ಮೇಲಿದ್ದೆ.

ಆ ಮಧ್ಯಾಹ್ನವೇ ಶಿಂದೆ ಸಿಸ್ಟರ್ ನನ್ನನ್ನು ಚಾದರಗಳನ್ನು ಇಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸ್ಟೂಲು ಎಳೆದು ಎದುರಿಗೆ ಕೂತು, ತಮ್ಮ ಮರಾಠಿಯಲ್ಲಿ ನಿಧಾನವಾಗಿ ಕೇಳಿದರು.

"ರೋಗಿಯನ್ನು ಈ ಹಾಸಿಗೆಯಿಂದ ಆ ಹಾಸಿಗೆಗೆ ಹೇಗೆ ಎತ್ತುತ್ತೀ?"

"ಚಾದರದ ನಾಲ್ಕು ಮೂಲೆ ಹಿಡಿದು, ನಾಲ್ಕು ಜನ."

"ಒಬ್ಬಳೇ ಎತ್ತಿದರೆ?"

"ಸೊಂಟ ಹೋಗುತ್ತದೆ."

"ಇದನ್ನು ನಾವು ಹೊಸ ಹುಡುಗಿಯರಿಗೆ ಮೊದಲ ದಿನವೇ ಕಲಿಸುತ್ತೇವೆ. ಆದರೆ ಕೆಳಗಿನ ಹಾಲಿಗೆ ನಿನ್ನೊಬ್ಬಳನ್ನೇ ಕಳಿಸಿದೆವು, ಇಡೀ ಮಳೆಗಾಲ. ಅದೂ ಎತ್ತುವ ಕೆಲಸವೇ ಎಂದು ಯಾರಿಗೂ ಹೊಳೆಯಲಿಲ್ಲ." ಅವರು ನನ್ನ ಕೈ ಮೇಲೆ ಕೈಯಿಟ್ಟರು. "ಅಳು ಬಂದರೆ ಅಳು. ನಿನ್ನ ಬೆಡ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ."

ಅತ್ತೆ. ತೊಳೆದ ಚಾದರಗಳ ಮಧ್ಯೆ ಕೂತು, ಒಂದು ಚಾದರ ಹಾಳಾಗುವಷ್ಟು ಅತ್ತೆ. ಯಾವ ಭಾಷೆಯಲ್ಲೂ ಇಲ್ಲದ ಅಳು.

ನನಗೆ ರಜೆ ಕೊಡಿಸಿ, ಮನಸ್ಸಿನ ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋದರು. ನರ್ಸು ಮನಸ್ಸಿನ ಡಾಕ್ಟರ ಹತ್ತಿರ ಹೋದಳೆಂದು ಆಡಿಕೊಳ್ಳುವವರು ಆಡಿಕೊಂಡರು. ಶಿಂದೆ ಸಿಸ್ಟರ್ ಎದುರು ಯಾರೂ ಆಡಲಿಲ್ಲ. ಆಮೇಲೆ ಅವರು ಡಾಕ್ಟರುಗಳ ಮೀಟಿಂಗಿಗೆ ಹೋಗಿ ಮೂರು ಮಾತು ಕೇಳಿದರಂತೆ. ಸುದ್ದಿ ಹೇಳುವಾಗ ಡಾಕ್ಟರು ಕೂತುಕೊಳ್ಳಬೇಕು, ಕನ್ನಡದವಳ ಮಾತು ಮುಗಿಯುವವರೆಗೆ ಏಳಬಾರದು. ಬಂದ ಮೇಲೆ ಅವಳಿಗೆ ಒಂದು ಕಪ್ ಚಹಾದಷ್ಟಾದರೂ ಬಿಡುವು ಕೊಡಬೇಕು. ಇನ್ನೊಂದು, ರೋಗಿ ಗಂಜಿ ಕುಡಿದರೂ, ಎದ್ದು ಕೂತರೂ ಹೇಳಲು ಅವಳನ್ನೇ ಕಳಿಸಬೇಕು, ಆ ಮುಖಕ್ಕೆ ಬೇರೆ ಅರ್ಥವೂ ಬರಲಿ. ಒಬ್ಬ ಡಾಕ್ಟರು, ಅಷ್ಟು ಹೊತ್ತು ಕೂತರೆ ನಮ್ಮ ಕೆಲಸ ಯಾರು ಮಾಡುತ್ತಾರೆ ಎಂದರಂತೆ. ಅವಳ ಕೆಲಸ ಯಾರು ಮಾಡುತ್ತಿದ್ದರು ಎಂದು ಇವರು ಕೇಳಿದರಂತೆ.

ಒಂದಷ್ಟು ದಿನ ನಡೆಯಿತು. ನಾನು ರಜೆ ಮುಗಿಸಿ ಬಂದಾಗ ಇಬ್ಬರು ಡಾಕ್ಟರು ನಿಜಕ್ಕೂ ಕೂರುತ್ತಿದ್ದರು. ಆಮೇಲೆ ಮಳೆ ನಿಂತಿತು, ರೋಗಿಗಳು ಕಡಿಮೆಯಾದರು, ಶಿಂದೆ ಸಿಸ್ಟರ್ ನಿವೃತ್ತಿಯಾಗಿ ಭೋರಿಗೆ ಹೋದರು. ಅವರ ಜೊತೆ ಆ ಪದ್ಧತಿಯೂ ಹೋಯಿತು. ನಾನೂ ಬಿಟ್ಟೆ. ಈಗ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುತ್ತೇನೆ. ಮುಷ್ಟಿ ಕಟ್ಟಿ, ಮುಷ್ಟಿ ಬಿಡಿ, ಹತ್ತಿ ಒತ್ತಿ ಹಿಡಿಯಿರಿ. ಅಲ್ಲಿ ಯಾರಿಗೂ ಏನೂ ಹೇಳಬೇಕಾಗಿಲ್ಲ, ಹೇಳುವುದನ್ನು ಕಾಗದ ಹೇಳುತ್ತದೆ.

ನಿದ್ದೆ ಮರಳಿ ಬಂತು, ಹಸಿವು ಬಂತು. ಅವ್ವನ ಕೂಡ ಕನ್ನಡವೂ ಮೆಲ್ಲಗೆ ಬಂತು. ಗೌರಿಯ ಕೂಡ ಬರಲಿಲ್ಲ. ಅಷ್ಟರಲ್ಲಿ ಅವಳ ಬಾಯಿಗೆ ಮರಾಠಿ ಕೂತುಬಿಟ್ಟಿತ್ತು. "ಅವ್ವಾ" ಹೋಗಿ "ಆಯೀ" ಆಗಿತ್ತು. ಅವಳ ಜೊತೆ ಕನ್ನಡ ಶುರು ಮಾಡಲು ಹೋದಾಗಲೆಲ್ಲ ಆ ಕಲ್ಲಿನ ಕಟ್ಟೆ ನೆನಪಾಗಿ ಬಿಟ್ಟುಬಿಡುತ್ತಿದ್ದೆ. ಇವತ್ತಿಗೂ ಸಂಜೆ ಫೋನಿನಲ್ಲಿ ಅಜ್ಜಿ ಏನೋ ಕೇಳುತ್ತಾಳೆ, ಮೊಮ್ಮಗಳು ಹೂಂ ಹೂಂ ಎಂದು ನಕ್ಕು ನನ್ನ ಕೈಗೆ ಕೊಡುತ್ತಾಳೆ. ಅವ್ವ ಒಮ್ಮೆಯೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತು.

"ಕೋಣಾಲಾಚ ಯೇತ ನಾಹೀ ಕಾ?" ಎಂದು ಆ ನರ್ಸ್ ಮತ್ತೆ ಕೂಗಿದಳು. ಯಾರಿಗೂ ಬರುವುದಿಲ್ಲವೇ? ಅವಳ ದನಿ ಒಡೆದಿತ್ತು. ನನಗೆ ಆ ದನಿ ಗೊತ್ತು. ಅವಳಿಗೂ ಮೇಲೆ ಮಶೀನು ಕೂಗುತ್ತಿದೆ.

ಗೌರಿ ಒಳ್ಳೆಯ ಕೈಯಿಂದ ನನ್ನ ತೋಳು ಮುಟ್ಟಿದಳು. "ಆಯೀ, ತುಲಾ ಯೇತಂ ನಾ?" ನಿನಗೆ ಬರುತ್ತದಲ್ಲ?

ಎದ್ದೆ. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು, ಅವಳ ಇಬ್ಬರು ಮೈದುನರು. ನಾನು ಸಾದಾ ಚೂಡಿದಾರದಲ್ಲಿದ್ದೆ, ಅವರಿಗೆ ನನ್ನ ಮುಖದ ಅರ್ಥ ಗೊತ್ತಿರಲಿಲ್ಲ. ಎಳೆಯ ಡಾಕ್ಟರೊಬ್ಬಳು ಫೈಲು ಎದೆಗೊತ್ತಿಕೊಂಡು ಬಂದು ನಿಂತುಕೊಂಡೇ ಹೇಳಿದಳು: ಇವಳ ಗಂಡನ ಮೆದುಳಿನಲ್ಲಿ ರಕ್ತ ಸೋರಿದೆ, ಇನ್ನು ಹೆಚ್ಚು ಹೊತ್ತು ಇಲ್ಲ, ಒಳಗೆ ಬಂದು ನೋಡಲಿ. ಹೇಳಿ ಒಂದು ಹೆಜ್ಜೆ ಹಿಂದೆ ಸರಿದಳು.

"ಬಸಾ, ಡಾಕ್ಟರ್" ಎಂದೆ. ಕೂತುಕೊಳ್ಳಿ.

ಅವಳು ಗಡಿಯಾರ ನೋಡಿದಳು. ನನ್ನನ್ನು ನೋಡಿದಳು. ಏನನ್ನಿಸಿತೋ, ಕುರ್ಚಿ ಎಳೆದು ಕೂತಳು. ನರ್ಸ್ ಹುಡುಗಿಯನ್ನೂ ಹತ್ತಿರ ಕರೆದು ನಿಲ್ಲಿಸಿಕೊಂಡೆ. ಆಮೇಲೆ ಆ ಹೆಂಗಸಿನ ಎದುರು ಮಂಡಿಯೂರಿ ಅವಳ ಕೈ ಹಿಡಿದೆ. ಬಳೆ ತಣ್ಣಗಿದ್ದವು. ನನ್ನ ಬಾಯಿಗೆ ಮೊದಲು ಬಂದದ್ದು ಹತ್ತು ವರ್ಷದಿಂದ ಒಳಗೇ ಉಳಿದಿದ್ದ ಮಾತು.

"ಉಂಡೀರೇನವಾ?"

"ಇಲ್ರಿ ಯಕ್ಕಾ. ನಿನ್ನಿಯಿಂದ ಇಲ್ಲ" ಎಂದಳು. ಅವಳ ಕಣ್ಣು ತುಂಬಿತು. ಆ ಮೇಲೆ ಉಳಿದದ್ದನ್ನು ಹೇಳಿದೆ. ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಅವಳು ನನ್ನ ಹೆಗಲ ಮೇಲೆ ಬಿದ್ದು ಅತ್ತಳು. ಡಾಕ್ಟರು ಎದ್ದು ಹೋಗಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಗೌರಿ ನನಗೆ ಒರಗಿ ಕೂತಳು. ಪ್ಲಾಸ್ಟರಿನ ಕೈಗೆ ಮಳೆ ತಾಗದಂತೆ ನಾನು ವೇಲು ಹೊದಿಸುತ್ತಿದ್ದೆ.

"ಆಯೀ, ತೇ ಲೋಕ್ ಜೇವಲೇ ನವ್ಹತೇ ಕಾ?" ಎಂದಳು.

ಅವರು ಊಟ ಮಾಡಿರಲಿಲ್ಲವೇ ಎಂದು ಕೇಳುತ್ತಿದ್ದಾಳೆ. ನನಗೆ ಒಂದು ಕ್ಷಣ ಹೊಳೆಯಲಿಲ್ಲ. ನಾನು ಆ ಹೆಂಗಸಿನ ಕೂಡ ಆಡಿದ್ದು ಕನ್ನಡ.

"ನಿನಗೆ ಹೇಗೆ ತಿಳಿಯಿತು?" ಎಂದು ಮರಾಠಿಯಲ್ಲೇ ಕೇಳಿದೆ.

"ಆಜೀ ರೋಜ್ ವಿಚಾರತೇ ನಾ, ಫೋನ್‌ವರ." ಅಜ್ಜಿ ದಿನಾ ಕೇಳುತ್ತಾಳಲ್ಲ, ಫೋನಿನಲ್ಲಿ. ಅವಳು ಹೊರಗಿನ ಮಳೆ ನೋಡಿದಳು, ಮತ್ತೆ ನನ್ನ ಕಡೆ ತಿರುಗಿ, ತಪ್ಪಾದರೆ ನಾನು ನಗುತ್ತೇನೋ ಎಂಬ ಅಳುಕಿನಲ್ಲಿ, ಅಜ್ಜಿಯ ರಾಗದಲ್ಲೇ ಕೇಳಿದಳು, "ಉಂಡೀ ಏನವಾ?"

"ಇಲ್ಲ ಕೂಸ" ಎಂದೆ. "ಮನೀಗಿ ಹೋಗಿ ಉಣ್ಣೂಣು."